ಇರಾಕ್, ಅಫ್ಗಾನಿಸ್ತಾನದಲ್ಲಿ ಮಡಿದವರ ನೆನಪಿಗಾಗಿ ಅಮೆರಿಕದ ಮನೆಗಳು ನಡೆಸಿದ ಹೋರಾಟ

ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಡೋವರ್ ಎಂಬ ವಾಯುನೆಲೆ ಇದೆ. ಹೊರದೇಶದ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ದೇಹ ಮೊದಲು ಬಂದಿಳಿಯುವುದು ಇಲ್ಲಿಗೇ. ಉದ್ದನೆಯ ಅಲ್ಯೂಮಿನಿಯಂ ಪೆಟ್ಟಿಗೆ, ಒಳಗೆ ಮಂಜುಗಡ್ಡೆ, ಮೇಲೆ ಬಿಗಿಯಾಗಿ ಹೊದಿಸಿದ ಬಾವುಟ. ಸತ್ತವರು ಯಾವ ಪಡೆಯವರೋ ಅದೇ ಪಡೆಯ ಸೈನಿಕರು ಬಿಳಿ ಕೈಗವಸು ಹಾಕಿಕೊಂಡು ಅದನ್ನು ಹೊರುತ್ತಾರೆ. ವಿಮಾನದಿಂದ ವಾಹನದವರೆಗೆ ಕೆಲವೇ ಹೆಜ್ಜೆ. ಬ್ಯಾಂಡ್ ಇಲ್ಲ, ಭಾಷಣ ಇಲ್ಲ.

ಆಮೇಲೆ ನೆಲೆಯ ಶವಾಗಾರದಲ್ಲಿ ಗುರುತು ಖಚಿತ ಮಾಡಿಕೊಳ್ಳುತ್ತಾರೆ. ಪ್ರತಿಯೊಬ್ಬರಿಗೂ ಹೊಸ ಸಮವಸ್ತ್ರ ಸಿದ್ಧವಾಗುತ್ತದೆ. ಪದಕಗಳು, ಬಣ್ಣದ ಪಟ್ಟಿಗಳು ಎಲ್ಲವೂ ಇರಬೇಕಾದ ಜಾಗದಲ್ಲೇ ಇರಬೇಕು. ದೇಹ ನೋಡುವ ಸ್ಥಿತಿಯಲ್ಲಿ ಇಲ್ಲದಿದ್ದರೂ, ಪೆಟ್ಟಿಗೆಯನ್ನು ಯಾರೂ ತೆರೆಯುವುದಿಲ್ಲ ಎಂದು ಗೊತ್ತಿದ್ದರೂ ಸಮವಸ್ತ್ರವನ್ನು ಒಳಗೆ ಇಟ್ಟೇ ಕಳಿಸುತ್ತಾರೆ.

ಇಷ್ಟು ಕಾಳಜಿಯ ಕೆಲಸ ನಡೆಯುವ ಜಾಗವನ್ನು ಸುಮಾರು 18 ವರ್ಷ ಪತ್ರಿಕೆಯವರ ಕ್ಯಾಮೆರಾದಿಂದ ದೂರ ಇಟ್ಟಿದ್ದರು. ಅದರ ಹಿಂದೆ ಒಂದು ಕಥೆ ಇದೆ.

1989ರ ಡಿಸೆಂಬರ್‌ನಲ್ಲಿ ಅಮೆರಿಕ ಪನಾಮಾ ದೇಶದ ಮೇಲೆ ದಾಳಿ ಮಾಡಿತು. ಅಲ್ಲಿ ಸತ್ತ ಸೈನಿಕರ ಪೆಟ್ಟಿಗೆಗಳು ಡೋವರ್‌ಗೆ ಬಂದಿಳಿಯುವ ಹೊತ್ತಿಗೇ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ ಪತ್ರಿಕಾಗೋಷ್ಠಿಯಲ್ಲಿದ್ದರು. ಟಿವಿ ಚಾನೆಲ್‌ಗಳು ಪರದೆಯನ್ನು ಎರಡು ಭಾಗ ಮಾಡಿ ಎರಡನ್ನೂ ಒಟ್ಟಿಗೆ ತೋರಿಸಿದವು. ಒಂದು ಕಡೆ ಪೆಟ್ಟಿಗೆಗಳ ಸಾಲು, ಇನ್ನೊಂದು ಕಡೆ ನಗುತ್ತಾ ಮಾತಾಡುತ್ತಿರುವ ಅಧ್ಯಕ್ಷರು. ಪಕ್ಕದಲ್ಲಿ ಏನು ಬರುತ್ತಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ನೋಡಿದ ಜನ ಸಿಟ್ಟಾದರು, ಅಧ್ಯಕ್ಷರಿಗೂ ಬೇಸರವಾಯಿತು. 1991ರಲ್ಲಿ ಕೊಲ್ಲಿ ಯುದ್ಧ ನಡೆದಾಗ ಡೋವರ್‌ನಲ್ಲಿ ಫೋಟೊ, ವಿಡಿಯೊ ನಿಷೇಧಿಸುವ ಆದೇಶ ಬಂತು. ಸತ್ತವರ ಮನೆಯವರ ಖಾಸಗಿತನಕ್ಕಾಗಿ ಈ ನಿಯಮ ಎಂದು ಸರ್ಕಾರ ಹೇಳಿತು. ಮನೆಯವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮುಂದೆ ಕೆಲವು ಸಲ ಈ ನಿಯಮ ಸಡಿಲವಾಗಿದ್ದೂ ಉಂಟು. 2003ರಲ್ಲಿ ಇರಾಕ್ ಯುದ್ಧ ಶುರುವಾಗುವ ಹೊತ್ತಿಗೆ ಮತ್ತೆ ಬಿಗಿ ಮಾಡಿದರು. ಮರುವರ್ಷ ಏಪ್ರಿಲ್‌ನಲ್ಲಿ ಕುವೈತ್‌ನಲ್ಲಿ ಸರಕು ವಿಮಾನದ ಕೆಲಸ ಮಾಡುತ್ತಿದ್ದ ಒಬ್ಬ ಮಹಿಳೆ ತೆಗೆದ ಫೋಟೊ ಸಿಯಾಟಲ್ ಟೈಮ್ಸ್ ಪತ್ರಿಕೆಯ ಮುಖಪುಟದಲ್ಲಿ ಬಂತು. ವಿಮಾನದ ಹೊಟ್ಟೆಯೊಳಗೆ ಬಾವುಟ ಹೊದ್ದ ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು. ಮಕ್ಕಳನ್ನು ಎಷ್ಟು ಗೌರವದಿಂದ ಕಳಿಸಿಕೊಡುತ್ತಾರೆ ಅಂತ ಹೆತ್ತವರಿಗೆ ಗೊತ್ತಾಗಲಿ ಎಂಬುದು ಆಕೆಯ ಆಸೆ. ಆಕೆಯ ಕೆಲಸವೂ ಹೋಯಿತು, ಅಲ್ಲೇ ಇದ್ದ ಗಂಡನ ಕೆಲಸವೂ ಹೋಯಿತು. ಅದೇ ತಿಂಗಳು ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಿದ ಅರ್ಜಿಯೊಂದರಿಂದ ಡೋವರ್‌ನ 300ಕ್ಕೂ ಹೆಚ್ಚು ಫೋಟೊಗಳು ಹೊರಬಂದವು. ಅವೆಲ್ಲ ಸೇನೆಯವರೇ ತೆಗೆದಿಟ್ಟುಕೊಂಡಿದ್ದ ಚಿತ್ರಗಳು.

ಆ ತಿಂಗಳ ಕೊನೆಯ ದಿನ, ಏಪ್ರಿಲ್ 30ರಂದು, ಎಬಿಸಿ ಚಾನೆಲ್‌ನ ನೈಟ್‌ಲೈನ್ ಕಾರ್ಯಕ್ರಮದಲ್ಲಿ ಟೆಡ್ ಕೊಪಲ್ ಇರಾಕ್‌ನಲ್ಲಿ ಸತ್ತ 700ಕ್ಕೂ ಹೆಚ್ಚು ಸೈನಿಕರ ಹೆಸರು ಓದಿದರು. ಒಂದೊಂದು ಹೆಸರಿನ ಜೊತೆ ಒಂದು ಮುಖ. ಇದು ಯುದ್ಧವಿರೋಧಿ ರಾಜಕೀಯ ಎಂದು ಒಂದು ಪ್ರಸಾರ ಸಂಸ್ಥೆ ತನ್ನ ಕೇಂದ್ರಗಳಲ್ಲಿ ಅದನ್ನು ತೋರಿಸಲಿಲ್ಲ. ಸತ್ತವರ ಹೆಸರು ಓದುವುದರಲ್ಲಿ ರಾಜಕೀಯ ಏನಿದೆ? ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ. ಪಿಬಿಎಸ್ ಚಾನೆಲ್ ತನ್ನ ಸುದ್ದಿಯ ಕೊನೆಯಲ್ಲಿ ಹೊಸದಾಗಿ ಸತ್ತವರ ಫೋಟೊ, ಹೆಸರು, ವಯಸ್ಸು, ಊರು ತೋರಿಸುತ್ತಿತ್ತು. ಹಿನ್ನೆಲೆಯಲ್ಲಿ ಸಂಗೀತವೂ ಇರುತ್ತಿರಲಿಲ್ಲ. 19, 20, 22 ಎಂಬ ವಯಸ್ಸುಗಳೇ ಜಾಸ್ತಿ.

2009ರ ಫೆಬ್ರವರಿಯಲ್ಲಿ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ನಿಷೇಧ ತೆಗೆದರು. ಕ್ಯಾಮೆರಾ ಬೇಕೋ ಬೇಡವೋ ಎಂಬುದನ್ನು ಆಯಾ ಮನೆಯವರೇ ಹೇಳಬೇಕು ಎಂದಾಯಿತು. ಮನೆಯವರು ಡೋವರ್‌ಗೆ ಬರಲು ಪ್ರಯಾಣದ ಖರ್ಚನ್ನೂ ಸರ್ಕಾರ ಕೊಡತೊಡಗಿತು. ಅದೇ ಅಕ್ಟೋಬರ್‌ನ ಒಂದು ನಡುರಾತ್ರಿ ಅಧ್ಯಕ್ಷ ಒಬಾಮ ಅಲ್ಲಿಗೆ ಹೋಗಿ ನಿಂತರು. ಅಫ್ಗಾನಿಸ್ತಾನದಿಂದ 18 ದೇಹಗಳು ಬಂದಿದ್ದವು. ಫೋಟೊಗೆ ಒಪ್ಪಿದ್ದು ಒಂದೇ ಒಂದು ಕುಟುಂಬ. ಉಳಿದ 17 ಮನೆಗಳ ‘ಬೇಡ’ ಎಂಬ ಮಾತಿಗೂ ಅಷ್ಟೇ ಬೆಲೆ ಸಿಕ್ಕಿತು. ಇದಕ್ಕಿಂತ ಸರಿಯಾದ ನಿಯಮ ಇರಲಾರದು ಅಂತ ನನಗನಿಸುತ್ತದೆ.

ದೇಹವನ್ನು ಮನೆಗೆ ತರುವ ಪದ್ಧತಿಯೂ ಮೊದಲಿನಿಂದ ಹೀಗೇ ಇರಲಿಲ್ಲ. ಮೊದಲನೇ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಮನೆಯವರನ್ನು ಕೇಳಿತು: ಮಗನನ್ನು ಊರಿಗೆ ತರೋಣವೋ, ಅಲ್ಲೇ ಬಿಡೋಣವೋ? ಸಾವಿರಾರು ಮನೆಗಳು ತರಿಸಿಕೊಂಡವು, ಸಾವಿರಾರು ಮನೆಗಳು ಯುರೋಪಿನಲ್ಲೇ ಬಿಟ್ಟವು. ಫ್ರಾನ್ಸ್‌ನ ನಾರ್ಮಂಡಿಯಲ್ಲಿ ಕಾಣುವ ಬಿಳಿ ಶಿಲುಬೆಗಳ ಸಾಲು ಎರಡನೇ ಮಹಾಯುದ್ಧದ್ದು. ಯುದ್ಧ ನಡೆಯುತ್ತಿರುವಾಗಲೇ ದೇಹಗಳನ್ನು ವಾಪಸ್ ಕಳಿಸುವುದು ಶುರುವಾಗಿದ್ದು 1950ರ ದಶಕದ ಆರಂಭದಲ್ಲಿ, ಕೊರಿಯಾದಿಂದ. ಹೀಗಾಗಿ ಇರಾಕ್‌ನಲ್ಲಾಗಲೀ ಅಫ್ಗಾನಿಸ್ತಾನದಲ್ಲಾಗಲೀ ಅಮೆರಿಕನ್ ಸೈನಿಕರ ಸ್ಮಶಾನ ಇಲ್ಲ. ಎಲ್ಲರೂ ಮನೆಗೆ ಬಂದವರೇ.

ಅವರಲ್ಲಿ ನೂರಾರು ಮಂದಿ ರಾಜಧಾನಿ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿದ್ದಾರೆ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಕಾಲದಲ್ಲಿ, 1864ರಲ್ಲಿ, ದಕ್ಷಿಣದ ದಂಡನಾಯಕ ರಾಬರ್ಟ್ ಲೀ ಇದ್ದ ಎಸ್ಟೇಟಿನಲ್ಲೇ ಉತ್ತರದವರು ತಮ್ಮ ಸೈನಿಕರನ್ನು ಹೂಳಲು ಶುರು ಮಾಡಿದ ಜಾಗ ಅದು. 1868ರ ಮೇ 30ರಂದು ಸಮಾಧಿಗಳಿಗೆ ಹೂವು ಇಡುವ ದಿನ ಅಂತ ಆಚರಿಸಿದರು. ಈಗ ಮೇ ತಿಂಗಳ ಕೊನೆಯ ಸೋಮವಾರ ಬರುವ ಮೆಮೋರಿಯಲ್ ಡೇ ಬೆಳೆದಿದ್ದು ಅದರಿಂದಲೇ. ಅದಕ್ಕೂ ಮೊದಲು, 1865ರ ಮೇ 1ರಂದು, ಚಾರ್ಲ್ಸ್‌ಟನ್ ಊರಿನಲ್ಲಿ ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದ ಕಪ್ಪು ಜನ, ಸೆರೆಯಲ್ಲಿ ಸತ್ತ ಉತ್ತರದ ಸೈನಿಕರ ಸಮಾಧಿಗೆ ಹೂವು ತಂದಿದ್ದರು. ಈ ಸಂಗತಿ ಎಷ್ಟೋ ಕಾಲ ಯಾರ ನೆನಪಿನಲ್ಲೂ ಇರಲಿಲ್ಲ.

ಆರ್ಲಿಂಗ್ಟನ್‌ನಲ್ಲಿ 4 ಲಕ್ಷಕ್ಕೂ ಹೆಚ್ಚು ಸಮಾಧಿಗಳಿವೆ. ಈ ಹೊಸ ಯುದ್ಧಗಳಲ್ಲಿ ಸತ್ತು ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು 60ನೇ ವಿಭಾಗದಲ್ಲಿದ್ದಾರೆ. ಬೇರೆ ವಿಭಾಗಗಳಿಗೂ ಇದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಇದೆ. ಇಲ್ಲಿಗೆ ಬರುವವರು ಇನ್ನೂ ಹರೆಯದ ಹೆಂಡತಿಯರು, ಅಪ್ಪನ ಮುಖ ಸರಿಯಾಗಿ ನೆನಪಿಲ್ಲದ ಮಕ್ಕಳು, ಜೊತೆಯಲ್ಲಿ ಹೋರಾಡಿದ ಗೆಳೆಯರು. ಮಡಚುವ ಕುರ್ಚಿ ಹಾಕಿಕೊಂಡು ಇಡೀ ದಿನ ಕೂರುತ್ತಾರೆ. ಹುಟ್ಟುಹಬ್ಬಕ್ಕೆ ಬಲೂನು ತರುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ತೆಗೆದ ಹುಟ್ಟಲಿರುವ ಮಗುವಿನ ಚಿತ್ರ, ಮಗು ಬರೆದ ಕಾಗದ, ಬಿಯರ್ ಬಾಟಲಿ, ಎಲ್ಲವೂ ಕಲ್ಲಿನ ಬುಡದಲ್ಲಿ ಇರುತ್ತವೆ.

ಸಮಾಧಿ ಕಲ್ಲಿನ ತಲೆಯ ಮೇಲೆ ನಾಣ್ಯಗಳನ್ನೂ ಇಡುತ್ತಾರೆ. ಸೈನಿಕರ ನಡುವೆ ಬಳಕೆಯಲ್ಲಿರುವ ಲೆಕ್ಕ ಹೀಗಿದೆ. ಒಂದು ಸೆಂಟ್ ಇಟ್ಟರೆ ನಾನು ಬಂದು ಹೋದೆ ಅಂತ. ಐದು ಸೆಂಟ್ ಇಟ್ಟರೆ ತರಬೇತಿಯಲ್ಲಿ ಜೊತೆಗಿದ್ದೆ ಅಂತ. ಹತ್ತು ಸೆಂಟ್ ಎಂದರೆ ಒಟ್ಟಿಗೆ ಸೇವೆ ಮಾಡಿದವರು. 25 ಸೆಂಟ್ ಇಟ್ಟವರು ಸಾಯುವಾಗ ಪಕ್ಕದಲ್ಲಿದ್ದವರು. ಮಗ ಸಾಯುವಾಗ ಒಂಟಿಯಾಗಿರಲಿಲ್ಲ ಎಂದು ಒಬ್ಬ ತಾಯಿಗೆ ಒಂದು ನಾಣ್ಯದಿಂದ ಗೊತ್ತಾಗಬಹುದು, ಅಲ್ವಾ?

ನಿಯಮದ ಪ್ರಕಾರ ಹೂವು ಬಿಟ್ಟು ಬೇರೆ ವಸ್ತುಗಳಿಗೆ ಅಲ್ಲಿ ಜಾಗವಿಲ್ಲ. 60ನೇ ವಿಭಾಗದಲ್ಲಿ ಮಾತ್ರ ಕೆಲವು ವರ್ಷ ಕಂಡೂ ಕಾಣದ ಹಾಗೆ ಇದ್ದರು. ಸೇನೆಯ ಇತಿಹಾಸ ವಿಭಾಗದವರು ಬಂದು ಕೆಲವನ್ನು ಜೋಪಾನವಾಗಿ ತೆಗೆದಿಟ್ಟುಕೊಳ್ಳುವ ಪ್ರಯೋಗವನ್ನೂ ಮಾಡಿದರು. 2013ರಲ್ಲಿ ಒಮ್ಮೆಲೇ ಎಲ್ಲವನ್ನೂ ತೆಗೆದು ಸ್ವಚ್ಛ ಮಾಡಿದಾಗ ತಾಯಂದಿರು ಗಲಾಟೆ ಎಬ್ಬಿಸಿದರು. ಆಡಳಿತ ಅವರನ್ನು ಕೂರಿಸಿ ಮಾತಾಡಿ ನಿಯಮವನ್ನು ಸ್ವಲ್ಪ ಸಡಿಲಿಸಬೇಕಾಯಿತು.

ಕಲ್ಲಿನ ಮೇಲಿನ ಚಿಹ್ನೆಗೂ ಹೋರಾಟ ನಡೆದಿದೆ. ಶಿಲುಬೆ, ಯಹೂದಿಗಳ ನಕ್ಷತ್ರ, ಅರ್ಧಚಂದ್ರ, ಹೀಗೆ ಸರ್ಕಾರ ಒಪ್ಪಿದ ಚಿಹ್ನೆಗಳ ಪಟ್ಟಿ ಇದೆ. 2005ರಲ್ಲಿ ಅಫ್ಗಾನಿಸ್ತಾನದಲ್ಲಿ ಸತ್ತ ನೆವಾಡಾದ ಸೈನಿಕರೊಬ್ಬರು ವಿಕ್ಕಾ ಎಂಬ ಪಂಥದವರು. ವೃತ್ತದೊಳಗಿನ ಐದು ಮೂಲೆಯ ನಕ್ಷತ್ರ ಅವರ ಚಿಹ್ನೆ. ಅದು ಪಟ್ಟಿಯಲ್ಲಿಲ್ಲ ಎಂದು ಸರ್ಕಾರ ಎಳೆದಾಡಿತು. ಅವರ ಹೆಂಡತಿ ಬಿಡಲಿಲ್ಲ, ಇತರರ ಜೊತೆ ಸೇರಿ ನ್ಯಾಯಾಲಯಕ್ಕೆ ಹೋದರು. 2007ರ ಏಪ್ರಿಲ್‌ನಲ್ಲಿ ಸರ್ಕಾರ ಮಣಿಯಿತು. ಸಾಯುವಾಗ ಧರ್ಮ ಕೇಳದ ದೇಶ ಸಮಾಧಿಯ ಹತ್ತಿರ ಕೇಳಿದ್ದು ಸರಿಯಲ್ಲ.

ಅರ್ಧಚಂದ್ರ ಇರುವ ಕಲ್ಲುಗಳಲ್ಲಿ ಒಂದು ಕ್ಯಾಪ್ಟನ್ ಹುಮಾಯೂನ್ ಖಾನ್ ಅವರದ್ದು. ಪಾಕಿಸ್ತಾನಿ ಮೂಲದ ಕುಟುಂಬ. 2004ರ ಜೂನ್‌ನಲ್ಲಿ ಇರಾಕ್‌ನ ಬಾಕುಬಾದಲ್ಲಿ ಅನುಮಾನ ಬರುವಂಥ ಒಂದು ಟ್ಯಾಕ್ಸಿ ನೆಲೆಯ ಗೇಟಿನತ್ತ ಬಂತು. ತಮ್ಮ ಹುಡುಗರಿಗೆ ಹಿಂದೆ ನಿಲ್ಲಿ ಎಂದು ಹೇಳಿ ತಾವೊಬ್ಬರೇ ಮುಂದೆ ನಡೆದರು. ಟ್ಯಾಕ್ಸಿ ಸ್ಫೋಟಿಸಿತು. ಇರಾಕ್ ಯುದ್ಧದ ಮೊದಲ ದಿನಗಳಲ್ಲೇ ಸತ್ತವರಲ್ಲಿ ಗ್ವಾಟೆಮಾಲಾದಲ್ಲಿ ಹುಟ್ಟಿ ಅನಾಥನಾಗಿ ಬೆಳೆದ ಒಬ್ಬ ಯುವಕನಿದ್ದ. ಬದುಕಿದ್ದಾಗ ಅವನಿಗೆ ಅಮೆರಿಕದ ಪೌರತ್ವ ಇರಲಿಲ್ಲ, ಸತ್ತ ಮೇಲೆ ಕೊಟ್ಟರು.

ಸತ್ತವರನ್ನು ಸುಳ್ಳಿನಿಂದ ನೆನೆದ ಉದಾಹರಣೆಯೂ ಇದೆ. ಪ್ಯಾಟ್ ಟಿಲ್‌ಮನ್ ಹೆಸರಾಂತ ಅಮೆರಿಕನ್ ಫುಟ್‌ಬಾಲ್ ಆಟಗಾರ. ಲಕ್ಷಾಂತರ ಡಾಲರ್‌ನ ಒಪ್ಪಂದ ಬಿಟ್ಟು ಸೇನೆ ಸೇರಿದ್ದರು. 2004ರ ಏಪ್ರಿಲ್ 22ರಂದು ಅಫ್ಗಾನಿಸ್ತಾನದಲ್ಲಿ ತಮ್ಮವರದೇ ಗುಂಡಿಗೆ ಬಲಿಯಾದರು. ಸೇನೆ ಮನೆಯವರಿಗೆ ಶತ್ರುವಿನ ಗುಂಡು ಎಂದು ಹೇಳಿತು, ಪದಕ ಕೊಟ್ಟಿತು, ಟಿವಿಯಲ್ಲಿ ಶ್ರದ್ಧಾಂಜಲಿ ಸಭೆಯೂ ಆಯಿತು. ಒಂದು ತಿಂಗಳ ನಂತರ ನಿಜ ಹೊರಬಂತು. ಅವರ ತಾಯಿ ವರ್ಷಗಟ್ಟಲೆ ಕಡತಗಳ ಬೆನ್ನು ಬಿದ್ದರು. 2011ರಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಡೋವರ್ ಶವಾಗಾರದಲ್ಲಿ ಕನಿಷ್ಠ 274 ಸೈನಿಕರ ದೇಹದ ತುಣುಕುಗಳನ್ನು ಸುಟ್ಟು, ಅದರ ಬೂದಿಯನ್ನು ವರ್ಜೀನಿಯಾದ ಒಂದು ಕಸದ ಗುಂಡಿಗೆ ಹಾಕಿದ್ದರು. 2008ಕ್ಕೆ ಅದು ನಿಂತಿತ್ತು, ನಿಜ. ಆದರೆ ಇದನ್ನೂ ಹೊರಗೆ ಎಳೆದದ್ದು ಗಂಡನಿಗೆ ಏನಾಯಿತು ಎಂದು ಕೇಳುತ್ತಲೇ ಇದ್ದ ಹೆಂಡತಿ, ಮತ್ತೆ ಪತ್ರಿಕೆಯವರು. ಮನೆಯವರು ಸುಮ್ನೆ ಕೂತಿದ್ದರೆ ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ.

1973ರಿಂದ ಅಮೆರಿಕದಲ್ಲಿ ಕಡ್ಡಾಯ ಸೇನಾ ಸೇವೆ ಇಲ್ಲ. ನೂರರಲ್ಲಿ ಒಬ್ಬರೂ ಸೇನೆಯಲ್ಲಿಲ್ಲದ ಸಮಾಜದಲ್ಲಿ ಸಾವಿನ ಸುದ್ದಿ ಬಹಳ ಮನೆಗಳನ್ನು ಮುಟ್ಟುವುದೇ ಇಲ್ಲ. ಬಾಗಿಲು ತಟ್ಟುವ ಸಮವಸ್ತ್ರದ ಇಬ್ಬರನ್ನು ಕಂಡವರು ಕೆಲವೇ ಕುಟುಂಬಗಳವರು. ಅದಕ್ಕೇ ಸ್ಮಾರಕದ ಕೆಲಸವೂ ಕೆಳಗಿನಿಂದಲೇ ಶುರುವಾಯಿತು. ಇಲಿನಾಯ್ ರಾಜ್ಯದ ಮಾರ್ಸೆಲ್ಸ್ ಎಂಬ ಪುಟ್ಟ ಊರಿನ ಹೊಳೆದಂಡೆಯಲ್ಲಿ ಮೋಟರ್‌ಸೈಕಲ್ ಸವಾರರ ಗುಂಪಿನ ಮುತುವರ್ಜಿಯಿಂದ ಹೆಸರುಗಳ ಗ್ರಾನೈಟ್ ಗೋಡೆ ಎದ್ದಿತು. ಅದು 2004ರಲ್ಲಿ, ಯುದ್ಧ ಇನ್ನೂ ಉರಿಯುತ್ತಿದ್ದಾಗ.

ವಾಷಿಂಗ್ಟನ್‌ನಲ್ಲಿ ಇವರ ಮುಂದಿದ್ದ ಮಾದರಿ 1982ರ ವಿಯೆಟ್ನಾಂ ಗೋಡೆ. ಗಾಯಗೊಂಡು ಮರಳಿದ ಜ್ಯಾನ್ ಸ್ಕ್ರಗ್ಸ್ ಎಂಬ ಸೈನಿಕ ಹಟ ಹಿಡಿದು ಹಣ ಕೂಡಿಸಿದರು. 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ವಿನ್ಯಾಸ ಮಾಡಿದರು. 58,000ಕ್ಕೂ ಹೆಚ್ಚು ಹೆಸರುಗಳು ಸತ್ತ ದಿನದ ಕ್ರಮದಲ್ಲಿವೆ. ಆ ಕಪ್ಪು ಗ್ರಾನೈಟ್ ಹೋಗಿದ್ದು ನಮ್ಮ ಬೆಂಗಳೂರು ಕಡೆಯಿಂದ. ವರ್ಮಾಂಟ್‌ನಲ್ಲಿ ಕೊಯ್ದು ಹೊಳಪು ಕೊಟ್ಟರು, ಮೆಂಫಿಸ್‌ನಲ್ಲಿ ಹೆಸರು ಕೆತ್ತಿದರು. ಕನ್ನಡಿಯ ಹಾಗೆ ಹೊಳೆಯುವ ಆ ಕಲ್ಲಿನಲ್ಲಿ ಹೆಸರಿನ ಜೊತೆಗೇ ನೋಡುವವರ ಮುಖವೂ ಕಾಣುತ್ತದೆ. ಜನ ಅಲ್ಲಿ ಬೆರಳಿಟ್ಟು ಹೆಸರು ಸವರುತ್ತಾರೆ, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ.

ಹೊಸ ಯುದ್ಧದವರಿಗೆ ಕಾನೂನು ಅಡ್ಡ ನಿಂತಿತು. ಯುದ್ಧ ಮುಗಿದು 10 ವರ್ಷ ಆಗುವವರೆಗೆ ರಾಜಧಾನಿಯಲ್ಲಿ ಅದರ ಸ್ಮಾರಕಕ್ಕೆ ಅನುಮತಿ ಇಲ್ಲ ಎನ್ನುತ್ತದೆ 1986ರ ಕಾಯ್ದೆ. ಮುಗಿಯದೇ ಇರುವ ಯುದ್ಧಕ್ಕೆ 10 ವರ್ಷ ಎಲ್ಲಿಂದ ಎಣಿಸುವುದು? ಮಗನ ಹೆಸರನ್ನು ಕಲ್ಲಿನಲ್ಲಿ ನೋಡುವ ಮೊದಲೇ ಹೆತ್ತವರು ತೀರಿಕೊಳ್ಳುತ್ತಾರೆ ಎಂದು ಮಾಜಿ ಸೈನಿಕರು ಸಂಸತ್ತಿನ ಬೆನ್ನು ಹತ್ತಿದರು. 2017ರ ಆಗಸ್ಟ್‌ನಲ್ಲಿ ಈ ಷರತ್ತಿನಿಂದ ವಿನಾಯಿತಿ ಸಿಕ್ಕಿತು. 2021ರ ಡಿಸೆಂಬರ್‌ನಲ್ಲಿ, ರಾಜಧಾನಿಯ ಸ್ಮಾರಕಗಳಿರುವ ಬಯಲಾದ ನ್ಯಾಷನಲ್ ಮಾಲ್‌ನ ನಡುಭಾಗದಲ್ಲೇ, ಹೊಸದಾಗಿ ಏನೂ ಕಟ್ಟಬಾರದು ಎಂದು ಮೀಸಲಿಟ್ಟ ಜಾಗದಲ್ಲಿ, ಕಟ್ಟಲು ಅನುಮತಿಯೂ ಬಂತು. ವಿಯೆಟ್ನಾಂ ಗೋಡೆ, ಲಿಂಕನ್ ಸ್ಮಾರಕ ಎರಡೂ ಅಲ್ಲಿಗೆ ಹತ್ತಿರ. ಸರ್ಕಾರದ ಹಣ ಇಲ್ಲ, ದೇಣಿಗೆಯಿಂದಲೇ ಆಗಬೇಕು.

ಆ ಅನುಮತಿಗೆ ಕೆಲವೇ ತಿಂಗಳ ಹಿಂದೆ, ಆಗಸ್ಟ್ 26ರಂದು, ಕಾಬೂಲ್ ವಿಮಾನ ನಿಲ್ದಾಣದ ಬಾಂಬಿಗೆ 13 ಅಮೆರಿಕನ್ ಸೈನಿಕರು ಬಲಿಯಾದರು. ಜೊತೆಗೆ ಸುಮಾರು 170 ಅಫ್ಗನ್ನರೂ ಸತ್ತರು. ಅವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? 2001ರಿಂದ ಈ ಯುದ್ಧಗಳಲ್ಲಿ ಸತ್ತ ಅಮೆರಿಕನ್ ಸೈನಿಕರು 7,000ಕ್ಕೂ ಹೆಚ್ಚು. ಹಿಂಸೆಗೆ ನೇರವಾಗಿ ಬಲಿಯಾದ ಬೇರೆ ದೇಶಗಳ ನಾಗರಿಕರು 4 ಲಕ್ಷಕ್ಕೂ ಹೆಚ್ಚು ಎನ್ನುತ್ತದೆ ಬ್ರೌನ್ ವಿಶ್ವವಿದ್ಯಾಲಯದ ಅಂದಾಜು. ಸೇನೆಗಾಗಿ ಗುತ್ತಿಗೆ ಕೆಲಸ ಮಾಡುತ್ತಿದ್ದವರೂ ಸಾವಿರಾರು ಮಂದಿ ಸತ್ತಿದ್ದಾರೆ. ಅವರಲ್ಲಿ ಬಡ ದೇಶಗಳಿಂದ ಹೋದ ಡ್ರೈವರ್‌ಗಳು, ಅಡುಗೆಯವರು, ಕಾವಲುಗಾರರು ಇದ್ದರು. ಅವರಿಗೆ ಡೋವರ್ ಇಲ್ಲ, 60ನೇ ವಿಭಾಗವೂ ಇಲ್ಲ.

ಮನೆಗೆ ಬಂದ ಮೇಲೆ ಸತ್ತವರ ಪ್ರಶ್ನೆಯೂ ಇದೆ. ಬ್ರೌನ್ ವಿಶ್ವವಿದ್ಯಾಲಯದ ಅದೇ ಯೋಜನೆಯ 2021ರ ವರದಿ ಪ್ರಕಾರ, ಈ ಯುದ್ಧಗಳ ಕಾಲದ ಸೈನಿಕರು ಮತ್ತು ಮಾಜಿ ಸೈನಿಕರಲ್ಲಿ 30,000ಕ್ಕೂ ಹೆಚ್ಚು ಮಂದಿ ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ರಣರಂಗದಲ್ಲಿ ಸತ್ತವರ ನಾಲ್ಕು ಪಟ್ಟು. ಸೇನಾ ನೆಲೆಗಳಲ್ಲಿ ಕಸ, ಪ್ಲಾಸ್ಟಿಕ್, ಇಂಧನ ಎಲ್ಲ ಸುಡುತ್ತಿದ್ದ ಗುಂಡಿಗಳ ಹೊಗೆ ಕುಡಿದು ಕಾಯಿಲೆ ಬಿದ್ದವರು ಬೇರೆ. 2022ರಲ್ಲಿ ಅವರ ಚಿಕಿತ್ಸೆಗೆ, ಪರಿಹಾರಕ್ಕೆ ಪ್ಯಾಕ್ಟ್ ಕಾಯ್ದೆ ಬಂತು. ಶ್ವಾಸಕೋಶದ ಕ್ಯಾನ್ಸರ್‌ನಿಂದ 2020ರಲ್ಲಿ ತೀರಿಕೊಂಡ ಒಹಾಯೊದ ಸಾರ್ಜೆಂಟ್ ಹೀತ್ ರಾಬಿನ್‌ಸನ್ ಅವರ ಹೆಸರನ್ನು ಆ ಕಾಯ್ದೆಗೆ ಇಟ್ಟಿದ್ದಾರೆ. ಅದಕ್ಕೂ ಮನೆಯವರು ಸಂಸತ್ತಿನ ಮೆಟ್ಟಿಲ ಮೇಲೆ ಕೂರಬೇಕಾಯಿತು.

ವಿಯೆಟ್ನಾಂ ಗೋಡೆಯಲ್ಲಿ ಇಂಥವರ ಹೆಸರಿಲ್ಲ. ವಿಷದ ರಾಸಾಯನಿಕದಿಂದ, ಮನಸ್ಸಿನ ಗಾಯದಿಂದ ಆಮೇಲೆ ಸತ್ತವರಿಗೆ ಅಂತ 2004ರಲ್ಲಿ ಪಕ್ಕದಲ್ಲಿ ಒಂದು ಫಲಕ ಹಾಕಿದ್ದಾರೆ, ಅಷ್ಟೇ. ಹೊಸ ಸ್ಮಾರಕ ಆ ತಪ್ಪು ಮಾಡಬಾರದು ಎಂದು ನಾನು ಬಯಸುತ್ತೇನೆ. ಯುದ್ಧಕ್ಕೆ ಅನುಮತಿ ಕೊಟ್ಟ 2001ರ ನಿರ್ಣಯ ಕಾಬೂಲ್ ಬಿಟ್ಟು ಬಂದ ಮೇಲೂ ರದ್ದಾಗಲಿಲ್ಲ. 2024ರ ಜನವರಿಯಲ್ಲಿ ಜೋರ್ಡಾನ್‌ನ ನೆಲೆಯೊಂದರ ಮೇಲೆ ಡ್ರೋನ್ ದಾಳಿಯಾಗಿ ಮೂವರು ಅಮೆರಿಕನ್ ಸೈನಿಕರು ಸತ್ತರು. ಹೆಸರು ಕೆತ್ತುವುದೇ ಆದರೆ ಈ ಪಟ್ಟಿಯನ್ನು ಯಾವ ದಿನಕ್ಕೆ ಮುಗಿಸಬೇಕು ಎಂಬುದನ್ನು ಸ್ಮಾರಕ ಕಟ್ಟುವವರು ಆ ಮನೆಗಳವರನ್ನು ಕೇಳಿಯೇ ತೀರ್ಮಾನಿಸಬೇಕು.