ಮೆಟೀರಿಯಲ್ ಪಾಸ್‌ಪೋರ್ಟ್ ಮತ್ತು ಸೂತ್ರದೊಳಗಿನ 0.9

ಕಟ್ಟಡದೊಳಗೆ ಯಾವ ವಸ್ತು ಎಷ್ಟಿದೆ, ಹೇಗೆ ಜೋಡಿಸಿದೆ ಎಂಬುದು ತಿಳಿಯದಿದ್ದರೆ ಕೆಡವುವ ದಿನ ಬಹುಪಾಲು ವಸ್ತು ಕಸವಾಗುತ್ತದೆ. ಆ ವಿವರವನ್ನು ಕಟ್ಟುವಾಗಲೇ ಬರೆದಿಡುವ ಡಿಜಿಟಲ್ ದಾಖಲೆಯೇ ಮೆಟೀರಿಯಲ್ ಪಾಸ್‌ಪೋರ್ಟ್. 2050ರೊಳಗೆ ಸಂಪೂರ್ಣ ವೃತ್ತಾಕಾರದ ಆರ್ಥಿಕತೆಯ, ಅಂದರೆ ವಸ್ತುಗಳನ್ನು ಎಸೆಯದೆ ಮತ್ತೆ ಮತ್ತೆ ಬಳಸುವ ವ್ಯವಸ್ಥೆಯ, ಗುರಿ ಇಟ್ಟುಕೊಂಡಿರುವ ನೆದರ್ಲೆಂಡ್ಸ್‌ನಲ್ಲಿ ಇಂತಹ ದಾಖಲೆಗಳಿಗಾಗಿ 2017ರಲ್ಲಿ ಮಡಾಸ್ಟರ್ ವೇದಿಕೆ ಆರಂಭವಾಯಿತು. ಅದರ ಹಿಂದಿದ್ದ ವಾಸ್ತುಶಿಲ್ಪಿ ಥಾಮಸ್ ರಾವ್ ಅವರ ಸಂಸ್ಥೆಯೇ ವಿನ್ಯಾಸಗೊಳಿಸಿದ ಟ್ರಿಯೊಡಾಸ್ ಬ್ಯಾಂಕಿನ ಮರದ ಕಚೇರಿ ಇದಕ್ಕೆ ಒಳ್ಳೆಯ ಉದಾಹರಣೆ: ಮುಂದೆ ಕಳಚಲು ಸಾಧ್ಯವಾಗಬೇಕೆಂದು ಅದನ್ನು 1,65,312 ಸ್ಕ್ರೂಗಳಿಂದ ಜೋಡಿಸಲಾಗಿದೆ.

ಪಾಸ್‌ಪೋರ್ಟಿನ ದತ್ತಾಂಶವು ಬಿಮ್ (ಕಟ್ಟಡದ ಪ್ರತಿ ಭಾಗದ ವಿವರವಿರುವ ಡಿಜಿಟಲ್ ಮಾದರಿ) ಮಾದರಿಯಿಂದ ಐಎಫ್‌ಸಿ (ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಸಾಮಾನ್ಯ ರೂಪ) ಕಡತದ ಮೂಲಕ ಬರುತ್ತದೆ. ಒಂದೇ ಕಾಂಕ್ರೀಟಿಗೆ ಒಂದು ಗೋಡೆಯಲ್ಲಿ ಒಂದು ಹೆಸರು, ಪಕ್ಕದ ಗೋಡೆಯಲ್ಲಿ ಇನ್ನೊಂದು ಹೆಸರು ಇದ್ದರೆ ತಂತ್ರಾಂಶಕ್ಕೆ ಅವು ಎರಡು ಬೇರೆ ವಸ್ತುಗಳು. ಹೆಸರಿಡುವ ಶಿಸ್ತಿಲ್ಲದಿದ್ದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಇನ್ನು ತಲೆ ತಿನ್ನುವ ಭಾಗ, ಅಂದರೆ ವೃತ್ತಾಕಾರದ ಆರ್ಥಿಕತೆಗಾಗಿ ಕೆಲಸ ಮಾಡುವ ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ವೃತ್ತೀಯತಾ ಸೂಚ್ಯಂಕ. ಒಂದು ವಸ್ತು ಎಷ್ಟರ ಮಟ್ಟಿಗೆ ಮರುಬಳಕೆಯ ಚಕ್ರದಲ್ಲಿದೆ ಎಂಬುದನ್ನು ಇದು 0ಯಿಂದ 1ರವರೆಗಿನ ಅಂಕದಲ್ಲಿ ಹೇಳುತ್ತದೆ. ಮಡಾಸ್ಟರ್ ಕಟ್ಟಡಗಳಿಗೆ ಕೊಡುವ ಅಂಕಕ್ಕೂ ಇದೇ ಆಧಾರ. 1,000 ಕೆಜಿಯ ಉಕ್ಕಿನ ತೊಲೆಯೊಂದನ್ನು ತೆಗೆದುಕೊಳ್ಳೋಣ. ಅದರಲ್ಲಿ 600 ಕೆಜಿ ಹೊಸ ಅದಿರಿನಿಂದ ಬಂದದ್ದು. ಆಯುಷ್ಯ ಮುಗಿದ ಮೇಲೆ 200 ಕೆಜಿ ಮರಳಿ ಸಿಗದೆ ಹೋಗುತ್ತದೆ. ಮರುಬಳಕೆ ಪ್ರಕ್ರಿಯೆಯಲ್ಲಿ ಆಗುವ ನಷ್ಟವನ್ನು ಸದ್ಯಕ್ಕೆ ಸೊನ್ನೆ ಎನ್ನೋಣ. ಆ 600 ಮತ್ತು 200ನ್ನು ಕೂಡಿಸಿ 2,000ದಿಂದ ಭಾಗಿಸಿದರೆ 0.4 ಬರುತ್ತದೆ, ಇದು ಏಕಮುಖ ಹರಿವಿನ ಪ್ರಮಾಣ. ತೂಕ 1,000 ಇರುವಾಗ 2,000ದಿಂದ ಏಕೆ ಭಾಗಿಸಬೇಕು? ಪ್ರತಿ ಕಿಲೋ ಎರಡು ಬಾಗಿಲುಗಳಲ್ಲಿ ಎಣಿಕೆಯಾಗುತ್ತದೆ, ಒಳಬರುವಾಗ ಒಮ್ಮೆ, ಹೊರಹೋಗುವಾಗ ಇನ್ನೊಮ್ಮೆ. ಪೂರ್ತಿ ಹೊಸ ಉಕ್ಕನ್ನು ಬಳಸಿ ಪೂರ್ತಿ ಎಸೆದಾಗ ಮಾತ್ರ ಈ ಪ್ರಮಾಣ 1 ಆಗುತ್ತದೆ.

ಈ 0.4ನ್ನು 0.9ರಿಂದ ಗುಣಿಸಿ, 1ರಿಂದ ಕಳೆದರೆ 0.64 ಎಂಬ ಸೂಚ್ಯಂಕ ಸಿಗುತ್ತದೆ. 0.9ನ್ನು ಯಾವುದೋ ಪ್ರಯೋಗದಲ್ಲಿ ಅಳೆದು ತೆಗೆದ ಸಂಖ್ಯೆಯೆಂದು ಹುಡುಕಹೊರಟರೆ ಎಲ್ಲೂ ಸಿಗುವುದಿಲ್ಲ. ಅದು ಸೂತ್ರ ಕಟ್ಟಿದವರ ಆಯ್ಕೆ. ಅದರ ಜಾಗದಲ್ಲಿ 1 ಇದ್ದಿದ್ದರೆ, ಪೂರ್ತಿ ಏಕಮುಖವಾದ ಆದರೆ ಸರಾಸರಿ ಆಯುಷ್ಯ ಬಾಳುವ ವಸ್ತುವಿಗೂ, ಅದಕ್ಕಿಂತ ಬೇಗ ಕೆಡುವ ವಸ್ತುವಿಗೂ ಸೊನ್ನೆಯೇ ಬರುತ್ತಿತ್ತು, ಏಕೆಂದರೆ ಋಣ ಅಂಕಗಳನ್ನೂ ಸೊನ್ನೆಯೆಂದೇ ಪರಿಗಣಿಸುತ್ತಾರೆ. 0.9 ಇರುವುದರಿಂದ ಮೊದಲನೆಯದಕ್ಕೆ 0.1 ದಕ್ಕುತ್ತದೆ, ಎರಡನೆಯದು ಅದಕ್ಕಿಂತ ಕೆಳಗಿಳಿಯಲು ಅಷ್ಟು ಜಾಗ ಉಳಿಯುತ್ತದೆ. ಆಯುಷ್ಯ ಸೂತ್ರದೊಳಗೆ ಬರುವುದೂ ಇಲ್ಲಿಯೇ: ತೊಲೆ ಸರಾಸರಿಯ ಎರಡರಷ್ಟು ಕಾಲ ಬಾಳಿದರೆ 0.9ನ್ನು ಎರಡರಿಂದ ಭಾಗಿಸಬೇಕು, ಆಗ ಸೂಚ್ಯಂಕ 0.82ಕ್ಕೆ ಏರುತ್ತದೆ. ಪರೀಕ್ಷೆಯಲ್ಲಿ ಉತ್ತರ ತಾಳೆ ನೋಡಲು ಸುಲಭದ ದಾರಿಯೊಂದಿದೆ: ಸರಾಸರಿ ಆಯುಷ್ಯದ ವಸ್ತುವಿನ ಅಂಕ 0.1ಕ್ಕಿಂತ ಕಡಿಮೆ ಬಂದರೆ ಎಲ್ಲೋ ಲೆಕ್ಕ ತಪ್ಪಿದೆ.

ಬಿಡಿ ವಸ್ತುಗಳ ಅಂಕಗಳಿಂದ ಇಡೀ ಕಟ್ಟಡದ ಅಂಕಕ್ಕೆ ಹೋಗುವಾಗ ತೂಕದ ಆಧಾರದಲ್ಲಿ ಸರಾಸರಿ ತೆಗೆದರೆ, ಸಾವಿರಾರು ಟನ್ ಕಾಂಕ್ರೀಟಿನ ಎದುರು ತಾಮ್ರದ ತಂತಿಯ ಅಂಕ ಲೆಕ್ಕಕ್ಕೇ ಬರುವುದಿಲ್ಲ. ನನ್ನ ಮಟ್ಟಿಗೆ ಈ ವಿಧಾನದ ದೊಡ್ಡ ಕೊರತೆ ಇದೇ, ಹಾಗಾಗಿ ಒಟ್ಟು ಅಂಕದ ಜೊತೆಗೆ ವಸ್ತುವಾರು ಪಟ್ಟಿಯನ್ನೂ ತೆರೆದು ನೋಡಬೇಕು.