ಅವನಿಗೂ ಔಟ್ ಕೊಡ್ರಿ

ಬೆಳಗಾವಿ ತಾಲೂಕಿನ ಒಂದು ಶಾಲೆ. ಬಿಸಿಯೂಟ ಮುಗಿದಿತ್ತು. ಬೇವಿನ ಗಿಡದ ಕೆಳಗೆ ಐದನೇ ತರಗತಿಯ ಹುಡುಗರ ಕ್ರಿಕೆಟ್ ನಡೆದಿತ್ತು. ಸ್ಟಂಪ್ ಅಂದರೆ ಒಂದರ ಮೇಲೊಂದು ಇಟ್ಟ ಮೂರು ಇಟ್ಟಂಗಿ. ಬ್ಯಾಟ್ ಹಿಡಿದಿದ್ದ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಎಡಗೈ, ಎಡಗಾಲು ಬಿಗಿ. ಚೆಂಡು ಬಂದು ಇಟ್ಟಂಗಿಗೆ ಬಡಿಯಿತು. ಯಾರೂ ಕೂಗಲಿಲ್ಲ. ಮತ್ತೆ ಹಾಕಿದರು, ಮತ್ತೆ ಬಡಿಯಿತು. ಆಗಲೂ ಯಾರೂ ಕೂಗಲಿಲ್ಲ. ಮೂರನೇ ಸಲ ಅವನು ಬ್ಯಾಟನ್ನೇ ಬೀಸಿ ಒಗೆದ. ಅದು ಒಬ್ಬನ ಮೊಣಕಾಲಿಗೆ ತಗುಲಿತು.

ಗುರುಗಳು ಓಡಿ ಬಂದರು. "ನೋಡ್ರಿ ಅಕ್ಕೋರ, ಹುಡುಗ್ರು ಇವನ್ನ ಎಷ್ಟು ಚಲೋ ನೋಡ್ಕೋತಾರ. ಇಂವಾ ನೋಡಿದ್ರ ಹಿಂಗ ಮಾಡ್ತಾನ."

ಚೆಂಡು ಹಾಕುತ್ತಿದ್ದ ಹುಡುಗನನ್ನು ಕೇಳಿದೆ. ಔಟ್ ಆಗಿದ್ದನಲ್ಲ, ಯಾಕೆ ಕೊಡಲಿಲ್ಲ?

"ಅಂವಾ ಔಟ್ ಆಗೂದೇ ಇಲ್ರಿ. ಕಚ್ಚಾ ಲಿಂಬೂ ಅದಾನ್ರಿ."

ಮರಾಠಿ ಮನೆಗಳ ಮಕ್ಕಳಿಂದ ನಮ್ಮ ಗಲ್ಲಿಯ ಕನ್ನಡ ಮಕ್ಕಳಿಗೂ ಅಂಟಿಕೊಂಡ ಮಾತು ಇದು. ಕನ್ನಡದಲ್ಲಿ ಹೇಳಬೇಕೆಂದರೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ಅಕ್ಕನ ಸೆರಗು ಹಿಡಿದು ಬರುವ ಮೂರು ವರ್ಷದ ತಮ್ಮನಿಗೆ ಅದು ಒಳ್ಳೆಯ ವ್ಯವಸ್ಥೆಯೇ. ಅವನೂ ಓಡುತ್ತಾನೆ, ಕುಣಿಯುತ್ತಾನೆ, ಆಟವೂ ಕೆಡುವುದಿಲ್ಲ. ಆದರೆ ಈ ಹುಡುಗನಿಗೆ ಹತ್ತು ವರ್ಷ. ಹಿಂದಿನ ರಾತ್ರಿಯ ಮ್ಯಾಚಿನ ಸ್ಕೋರ್ ಬಾಯಿಪಾಠ ಹೇಳುತ್ತಾನೆ. ಸೆರೆಬ್ರಲ್ ಪಾಲ್ಸಿ ಇರುವುದು ಮೈಯ ಚಲನೆ ನಡೆಸುವ ಮಿದುಳಿನ ಭಾಗಕ್ಕೆ ಆದ ಪೆಟ್ಟಿನಿಂದ. ಕೈಕಾಲು ಬಿಗಿಯಾಗಿದೆ ಅಂದಮಾತ್ರಕ್ಕೆ ಬುದ್ಧಿಯೂ ಕಡಿಮೆ ಅಂತ ಲೆಕ್ಕ ಹಾಕಬಾರದು. ತಾನು ಔಟ್ ಆದದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಳಿದವರು ಗೊತ್ತಿಲ್ಲದವರ ಹಾಗೆ ಇದ್ದರು. ಸಿಟ್ಟು ಬರುವುದಿಲ್ವಾ?

ನಾನು ಊರೂರು ಶಾಲೆ ಸುತ್ತುವ ವಿಶೇಷ ಶಿಕ್ಷಕಿ. ಇಲಾಖೆಯ ಭಾಷೆಯಲ್ಲಿ ಬಿ.ಐ.ಇ.ಆರ್.ಟಿ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಆದವು. ಮಕ್ಕಳು ಶಾಲೆಗೆ ಬರುತ್ತಿದ್ದಾರೆ, ಹಾಜರಿ ಬೀಳುತ್ತಿದೆ. ಅದೇ 2016ರ ಕಾಯ್ದೆಯಲ್ಲಿ ಒಂದು ಮಾತಿದೆ, ಬಹಳ ಜನ ಗಮನಿಸುವುದಿಲ್ಲ. ಪಾಠ ಮಾತ್ರ ಅಲ್ಲ, ಆಟ ಮತ್ತು ಮನರಂಜನೆಯ ಅವಕಾಶವೂ ಉಳಿದವರಿಗೆ ಸಮನಾಗಿ ಸಿಗಬೇಕು ಅಂತ. ರ‍್ಯಾಂಪ್ ಇದೆಯೋ ಇಲ್ಲವೋ ಎಂದು ನೋಡಲು ಫಾರ್ಮ್ ಇದೆ. ಬಿಡುವಿನಲ್ಲಿ ಈ ಮಗು ಯಾರ ಪಾರ್ಟಿಯಲ್ಲಿದೆ ಅಂತ ಕೇಳುವ ಕಾಲಮ್ ನಾನು ಎಲ್ಲೂ ಕಂಡಿಲ್ಲ.

ಹಾಗಾಗಿ ಹೊಸ ಶಾಲೆಗೆ ಹೋದರೆ ಮೊದಲು ಬಿಡುವಿನ ಹೊತ್ತಿನಲ್ಲಿ ಸುಮ್ನೆ ಕಟ್ಟೆಯ ಮೇಲೆ ಕೂಡುತ್ತೇನೆ. ಒಂದು ನೋಟ್‌ಬುಕ್ ಇರುತ್ತದೆ. 1932ರಲ್ಲಿ ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬಾಕೆ ಚಿಕ್ಕ ಮಕ್ಕಳ ಆಟ ನೋಡಿ ಕೆಲವು ಬಗೆಗಳನ್ನು ಗುರುತಿಸಿದ್ದರು. ಒಬ್ಬರೇ ಆಡುವುದು, ನಿಂತು ನೋಡುವುದು, ಪಕ್ಕಪಕ್ಕ ಕೂತು ತಮ್ಮ ತಮ್ಮ ಪಾಡಿಗೆ ಆಡುವುದು, ಕೂಡಿ ಆಡುವುದು, ಹೀಗೆ. ನಮ್ಮ ತರಬೇತಿಯಲ್ಲಿ ಇದನ್ನು ಮೆಟ್ಟಿಲಿನ ಹಾಗೆ ಕಲಿಸಿದರು. ಕೆಲಸಕ್ಕಿಳಿದ ಮೇಲೆ ನನಗೆ ಅದು ಮೆಟ್ಟಿಲು ಅನಿಸಿಲ್ಲ. ಆಟಿಸಂ ಇರುವ ಮಗು ಬೇರೆ ಮಕ್ಕಳ ಪಕ್ಕ ಕೂತು ತನ್ನ ಕಲ್ಲು ತಾನೇ ಜೋಡಿಸುತ್ತಿದ್ದರೆ ಅದೂ ಜೊತೆಯೇ. ನಾವೂ ಗೆಳತಿಯ ಪಕ್ಕ ಕೂತು ಮಾತಿಲ್ಲದೆ ಶೇಂಗಾ ಸುಲಿಯುವುದಿಲ್ವಾ?

ನಾನು ಹೆಚ್ಚಾಗಿ ಬರೆದುಕೊಳ್ಳುವುದು ಮಾತನ್ನು. ಯಾರು ಮೊದಲು ಮಾತಾಡಿದರು? ಏನಂದರು? ಬ್ಯಾಟ್ ಒಗೆದ ಆ ಹುಡುಗನ ಬಗ್ಗೆ ಅಂದು ಬರೆದದ್ದು ಹೀಗಿತ್ತು: "ಬಾ." "ಕೂಡು." "ನಾ ಹಿಡೀತೀನಿ, ನೀ ಬಿಡು." "ನೀರು ಬೇಕೇನು?" "ಓಡಬ್ಯಾಡ." ಎಲ್ಲ ಒಳ್ಳೆಯ ಮಾತೇ. ಆದರೆ ಒಂದು ಚಾಡಿ ಇಲ್ಲ, ಒಂದು ಚೇಷ್ಟೆ ಇಲ್ಲ, ಹೋಮ್‌ವರ್ಕ್ ಕದ್ದು ನೋಡುವ ಗುಸುಗುಸು ಇಲ್ಲ. ದವಾಖಾನೆಯ ನರ್ಸ್ ಆಡುವಂಥ ಮಾತು ಅವು. ಹತ್ತು ವರ್ಷದ ಗೆಳೆಯರು ಹಾಗೆ ಮಾತಾಡುವುದಿಲ್ಲ.

ಇದನ್ನು ಕಲಿಸಿದವರು ದೊಡ್ಡವರೇ. ನಾನೂ ಕಲಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿಗೆ "ಇವಳನ್ನು ನೀನೇ ನೋಡಿಕೊಳ್ಳಬೇಕು" ಎಂದು ಹೊಣೆ ಕೊಟ್ಟಿದ್ದೆ. ಶಾಣ್ಯಾ ಹುಡುಗಿ. ಎರಡು ತಿಂಗಳು ಕೈ ಹಿಡಿದು ಓಡಾಡಿಸಿದಳು. ಆಮೇಲೆ ಬಿಡುವಿನಲ್ಲಿ ಅಡಗಿ ಕೂಡಲು ಶುರು ಮಾಡಿದಳು. ತನ್ನ ಕುಂಟೆಬಿಲ್ಲೆ ತಪ್ಪಿಹೋಗುತ್ತಿತ್ತು, ಪಾಪ. ಗೆಳೆತನವನ್ನು ಡ್ಯೂಟಿಯ ಹಾಗೆ ಹಂಚಿದ್ದು ನನ್ನ ತಪ್ಪು. ಇನ್ನೊಂದು ಕಡೆ ನಾನು ದಿನಾ ಮಗುವಿನ ಪಕ್ಕದಲ್ಲೇ ಕೂಡುತ್ತಿದ್ದೆ. ಮಕ್ಕಳು ಅವನನ್ನು ಕೇಳಬೇಕಾದ್ದನ್ನು ನನ್ನನ್ನು ಕೇಳುತ್ತಿದ್ದರು: "ಅಕ್ಕೋರ, ಅವಗ ಪೆನ್ಸಿಲ್ ಬೇಕೇನ್ರಿ?" ಅಮೆರಿಕದ ಶಿಕ್ಷಣ ಸಂಶೋಧಕ ಮೈಕೆಲ್ ಜಿಯಾಂಗ್ರೆಕೊ ಮತ್ತು ಜೊತೆಗಾರರು 1997ರಲ್ಲೇ ಇದನ್ನು ಬರೆದಿದ್ದರು. ಸಹಾಯಕರು ಮಗುವಿಗೆ ಅಂಟಿಕೊಂಡೇ ಇದ್ದರೆ ಸಹಪಾಠಿಗಳು ದೂರ ಸರಿಯುತ್ತಾರೆ ಅಂತ. ನಾನು ಅದನ್ನು ಓದಿದ್ದು ತಡವಾಗಿ. ಈಗ ಪಕ್ಕದ ಜಾಗ ಖಾಲಿ ಬಿಡುತ್ತೇನೆ. ಯಾರಾದರೂ ಬಂದು ಕೂಡಬೇಕಲ್ಲ.

ಬಡಿದಾಟದ ದೂರುಗಳಿಗೂ ಬಹಳ ಸಲ ಬೇರೆಯೇ ಅರ್ಥ ಇರುತ್ತದೆ. ಕಿವಿ ಕೇಳದ ಒಬ್ಬ ಹುಡುಗಿಯ ಬಗ್ಗೆ "ಎಲ್ಲಾರ್ನೂ ಹೊಡೀತಾಳ್ರಿ" ಎಂಬ ದೂರಿತ್ತು. ಅರ್ಧ ತಾಸು ನೋಡಿದೆ. ಅವಳು ಕರೆಯುವುದೇ ಹಾಗೆ. ಹೆಸರು ಹಿಡಿದು ಕೂಗಲು ಆಗದವಳು ಭುಜ ತಟ್ಟುತ್ತಾಳೆ. ತಿರುಗಿ ನೋಡದಿದ್ದರೆ ಜೋರಾಗಿ ತಟ್ಟುತ್ತಾಳೆ. ಕಿವಿಗೆ ಮಷೀನ್ ಇದೆಯಲ್ಲ ಅಂತೀರಾ? ಹತ್ತಿರ ಕೂತು ಒಬ್ಬರೇ ಮಾತಾಡಿದರೆ ಅದು ಚಲೋ ಕೆಲಸ ಮಾಡುತ್ತದೆ. ಮೈದಾನದ ಗದ್ದಲದಲ್ಲಿ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಆ ತರಗತಿಗೆ ನಾನು ಹೇಳಿದ್ದು ಇಷ್ಟೇ: "ಭುಜದ ಮೇಲೆ ಎರಡು ಸಲ ಮೆತ್ತಗೆ ತಟ್ಟಿದರೆ 'ಇಲ್ಲಿ ನೋಡು' ಅಂತ." ಅವಳಿಗೂ ಅದನ್ನೇ ತೋರಿಸಿದೆ. ವಾರದೊಳಗೆ ಮಕ್ಕಳು ತಾವೇ ಇನ್ನಷ್ಟು ಸನ್ನೆ ಹುಟ್ಟಿಸಿಕೊಂಡಿದ್ದರು. ಹೆಡ್ ಮಾಸ್ತರಿಗೂ ಒಂದು ಸನ್ನೆ ಇತ್ತು. ಅದನ್ನು ಇಲ್ಲಿ ಬರೆಯುವುದು ಬೇಡ.

ಬೆಳಗಾವಿಯ ಮಕ್ಕಳಿಗೆ ಇದು ಕಷ್ಟವಲ್ಲ ಅಂತ ನನ್ನ ಅಂದಾಜು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಗಲ್ಲಿಯ ತುದಿಯಲ್ಲಿ ಉರ್ದು. ಒಬ್ಬನ ಮಾತು ಇನ್ನೊಬ್ಬನಿಗೆ ದಾಟಿಸುವುದು ಅವರಿಗೆ ದಿನದ ಕೆಲಸ. ಸನ್ನೆ ಇನ್ನೊಂದು ಭಾಷೆ, ಅಷ್ಟೇ.

ಮಕ್ಕಳು ಕೇಳುವ ಪ್ರಶ್ನೆಗಳಿಗೆ ದೊಡ್ಡವರು "ಶ್!" ಅನ್ನುತ್ತಾರೆ. ದಯವಿಟ್ಟು ಅನ್ನಬೇಡಿ. "ಅವನ ಕೂಡ ಕುಂತ್ರ ನಮಗೂ ಬರ್ತದೇನ್ರಿ?" ಅಂತ ಮಾತು ನಿಧಾನವಾದ ಒಬ್ಬ ಹುಡುಗನ ಬಗ್ಗೆ ಒಬ್ಬಳು ಕೇಳಿದ್ದಳು. ಆ ಅಂಜಿಕೆ ಒಳಗೇ ಉಳಿದರೆ ಬೆಂಚು ಖಾಲಿಯಾಗುತ್ತದೆ. ಹೀಗೆ ಉತ್ತರ ಕೊಡಿ: ಇಲ್ಲ, ಇದು ನೆಗಡಿಯಲ್ಲ, ಅಂಟುವುದಿಲ್ಲ. ಅವನ ನಾಲಿಗೆಯ ಸ್ನಾಯು ಬಿಗಿ, ಅದಕ್ಕೆ ಮಾತು ನಿಧಾನ. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸು, ಉತ್ತರ ಬರುತ್ತದೆ. ಇಷ್ಟು ಸಾಕು. ಡಿಸೆಂಬರ್ 3ರ ಅಂಗವಿಕಲರ ದಿನದಂದು ವೇದಿಕೆಗೆ ಕರೆದು ಹೂ ಕೊಟ್ಟು ಫೋಟೋ ತೆಗೆಯುವುದಕ್ಕಿಂತ ಈ ಹತ್ತು ಎಣಿಕೆ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ಅನುಭವ.

ಬೇರೆಬೇರೆ ಗುಂಪಿನವರನ್ನು ಸುಮ್ನೆ ಒಂದೆಡೆ ಕೂಡಿಸಿದರೆ ಪೂರ್ವಗ್ರಹ ಕರಗುವುದಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ್ದರು. ಇಬ್ಬರಿಗೂ ಸಮ ಸ್ಥಾನ ಇರಬೇಕು, ಗುರಿ ಒಂದೇ ಇರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಹಿರಿಯರ ಒಪ್ಪಿಗೆ ಕಾಣುವಂತಿರಬೇಕು. ಅವರು ಹೇಳಿದ್ದು ಜನಾಂಗಗಳ ಬಗ್ಗೆ. ನನಗೆ ಮಾತ್ರ ಬೇವಿನ ಗಿಡದ ಕೆಳಗಿನ ಆಟ ನೆನಪಾಗುತ್ತದೆ. ಅಲ್ಲಿ ಗುರಿ ಒಂದೇ ಇತ್ತು, ಒಪ್ಪಿಗೆಯೂ ಇತ್ತು. ಸಮ ಸ್ಥಾನ ಇರಲಿಲ್ಲ.

ಹಾಗಾಗಿ ಅಂದು ಹುಡುಗರನ್ನು ಕೂಡಿಸಿ, ಅವನ ಎದುರಿಗೇ ಕೇಳಿದೆ: "ಇವನೂ ಲೆಕ್ಕಕ್ಕಿರಬೇಕು ಅಂದ್ರೆ ರೂಲ್ ಏನು ಮಾಡೋಣ?" ಉಪದೇಶ ಮಾಡಿದ್ದರೆ ಎಲ್ಲರೂ ತಲೆ ತಗ್ಗಿಸಿ ಕೂತಿರುತ್ತಿದ್ದರು. ರೂಲ್ ಎಂದ ಕೂಡಲೇ ಗದ್ದಲ ಎದ್ದಿತು. ಒಬ್ಬ ಅವನಿಗೆ ಹಗೂರ ಚೆಂಡು ಹಾಕೋಣ ಅಂದ. ಇನ್ನೊಬ್ಬ ಒನ್ ಟಪ್ಪಾ ಕ್ಯಾಚ್, ಅಂದರೆ ಒಮ್ಮೆ ನೆಲಕ್ಕೆ ಪುಟಿದ ಮೇಲೆ ಹಿಡಿದರೂ ಔಟ್ ಎಂಬುದು, ಇವನಿಗೆ ಬೇಡ ಅಂದ. ರನ್ನರ್, ಅಂದರೆ ತನ್ನ ಬದಲಿಗೆ ಓಡುವವನನ್ನು, ಇಡೋಣ ಅಂದದ್ದು ಆ ಹುಡುಗನೇ. ಅಂತರರಾಷ್ಟ್ರೀಯ ಕ್ರಿಕೆಟ್ 2011ರಲ್ಲಿ ರನ್ನರನ್ನು ತೆಗೆದುಹಾಕಿತು. ನಮ್ಮ ಶಾಲೆಯ ಅಂಗಳದಲ್ಲಿ ಅವನು ಮತ್ತೆ ಬಂದ. ಬೌಲ್ಡ್ ಆದರೆ ಔಟ್, ರನ್ನರ್ ರನ್ ಔಟ್ ಆದರೂ ಇವನೇ ಔಟ್. ಫೀಲ್ಡಿಂಗ್‌ನಲ್ಲಿ ಕೀಪರ್ ಪಕ್ಕ, ಸ್ಕೋರ್ ಇವನದೇ ಬಾಯಲ್ಲಿ.

ಎಲ್ಲ ಕಡೆ ಇಷ್ಟು ಸಲೀಸಾಗುವುದಿಲ್ಲ. ಹೆಚ್ಚು ತೊಂದರೆ ಇರುವ ಕೆಲವು ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ, ಅವರಿಗೆ ಅಂಗಳವೇ ಇಲ್ಲ. ವಾರಕ್ಕೊಮ್ಮೆ ಓಣಿಯ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಕೆಲವು ಮನೆಗಳಲ್ಲಿ ಅದೂ ನಡೆಯುವುದಿಲ್ಲ.

ಮೂರು ವಾರ ಬಿಟ್ಟು ಆ ಶಾಲೆಗೆ ಹೋದೆ. ಗುರುಗಳು ಗೇಟಿನಲ್ಲೇ ಸಿಕ್ಕರು. "ಅಕ್ಕೋರ, ನೀವು ಬಂದದ್ದು ಚಲೋ ಆತು. ಇಂವಾ ಮತ್ತ ಇವನ ರನ್ನರ್ ಎರಡು ದಿನದಿಂದ ಕಟ್ಟಿ ಬಿಟ್ಟಾರ. ಮಾತಿಲ್ಲ, ಕತಿಯಿಲ್ಲ. ನೀವಾದ್ರೂ ಒಂದು ಮಾಡ್ರಿ."

ಇಲ್ಲದ ರನ್ನಿಗೆ ಓಡಿ ರನ್ನರ್ ಔಟ್ ಆಗಿದ್ದನಂತೆ. ಇವನ 14 ರನ್ ಅಲ್ಲಿಗೇ ನಿಂತಿತ್ತು. ಈಗ ಅವನೊಂದು ಬೆಂಚು, ಇವನೊಂದು ಬೆಂಚು. ಇಬ್ಬರ ಹಿಂದೆಯೂ ಒಂದೊಂದು ಪಾರ್ಟಿ.

ನಾನು ಒಂದು ಮಾಡಲು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು ನೋಟ್‌ಬುಕ್ ತೆಗೆದೆ.