ಬಿಸಿಯಾದ ಮೇಲೆ ಸ್ಟಾರ್ಟ್ ಆಗದ ಹಳೆಯ ಕಾರು: ದೋಷ ಹುಡುಕುವ ಬಗೆ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಊರಿನವರೇ ನಗೆಯಾಡುತ್ತಾರೆ. ಹಳೆಯ ಕಾರುಗಳ ಕೆಲಸ ಕಲಿಯುವವರಿಗೆ ಈ ಮಾತು ಬರೀ ನಗೆಯಲ್ಲ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವ ಗಾಡಿ ಮಧ್ಯಾಹ್ನ ಅರ್ಧ ಗಂಟೆ ನಿಂತು ಮತ್ತೆ ಹೊರಡಬೇಕಾದಾಗ ಮೊಂಡು ಹಿಡಿಯುತ್ತದೆ, ಸಂಜೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಕೌಲ್ ಬಜಾರಿನ ಗ್ಯಾರೇಜಿನಲ್ಲಿ ನಾನು ಕೆಲಸ ಕಲಿಯುತ್ತಿರುವಾಗ ಇಂಥದೇ ಒಂದು ಪ್ರೀಮಿಯರ್ ಪದ್ಮಿನಿ ಬಂದಿತ್ತು. ಜನ ಇಂದಿಗೂ ಫಿಯೆಟ್ ಎಂದೇ ಕರೆಯುವ, ಫಿಯೆಟ್ 1100ರ ವಿನ್ಯಾಸದಿಂದ ಬೆಳೆದು ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ, 1089 ಸಿಸಿಯ ನಾಲ್ಕು ಸಿಲಿಂಡರಿನ ಕಾರು ಅದು. ಬೇರೊಂದು ಕಡೆ ಅದಕ್ಕೆ ಆಗಲೇ ಹೊಸ ಬ್ಯಾಟರಿ, ಹೊಸ ಪ್ಲಗ್, ಹೊಸ ಪೆಟ್ರೋಲ್ ಪಂಪ್ ಹಾಕಿ ಕಳಿಸಿದ್ದರು. ದೋಷ ಮಾತ್ರ ಹಾಗೆಯೇ ಇತ್ತು.

ಮೊದಲು ಕೇಳಿಸಿಕೊಳ್ಳಬೇಕು. ಸೆಲ್ಫ್ ಹೊಡೆದಾಗ ಎಂಜಿನ್ ತಿರುಗದೆ ಟಕ್ ಎಂದು ಸುಮ್ಮನಾಗುವುದು, ನರಳುತ್ತಾ ನಿಧಾನವಾಗಿ ತಿರುಗುವುದು, ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿರುವುದು, ಈ ಮೂರೂ ಬೇರೆ ಬೇರೆ ದೂರುಗಳು. ಮೊದಲಿನ ಎರಡರಲ್ಲಿ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚುವುದು ಬರೀ ಕಾಲಹರಣ. ಪೂರ್ತಿ ಚಾರ್ಜ್ ಆದ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಎಳೆಯುವಾಗ ಅದು 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಅನುಮಾನಿಸಬೇಕು. ಬ್ಯಾಟರಿ ಗಟ್ಟಿಯಾಗಿದ್ದೂ ಎಂಜಿನ್ ನರಳುತ್ತಿದ್ದರೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಒತ್ತಿಹಿಡಿದು ಸೆಲ್ಫ್ ಹೊಡೆಸಬೇಕು. ಅಲ್ಲಿ 0.2 ಅಥವಾ 0.3 ವೋಲ್ಟಿನಷ್ಟು ಕಂಡರೆ ಚಿಂತೆಯಿಲ್ಲ. ಒಂದು ವೋಲ್ಟಿನಷ್ಟು ಕಂಡರೆ ಅಷ್ಟು ವೋಲ್ಟೇಜು ತುಕ್ಕು ಹಿಡಿದ ಅರ್ಥ್ ಪಟ್ಟಿಯಲ್ಲೇ ಕಳೆದುಹೋಗುತ್ತಿದೆ ಎಂದರ್ಥ. ಸಂಡೂರಿನ ಕಡೆ ಓಡಾಡುವ ಗಾಡಿಗಳ ಅರ್ಥ್ ಬೋಲ್ಟಿನ ಮೇಲೆ ಅದಿರಿನ ಕೆಂಪು ಧೂಳು ಕೂತು, ತುಕ್ಕು ಯಾವುದು ಧೂಳು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಅಲ್ಲಿ ಕಣ್ಣನ್ನು ನಂಬದೆ ಮೀಟರನ್ನು ನಂಬಬೇಕು.

ನಮ್ಮ ಪದ್ಮಿನಿ ಮೂರನೆಯ ಜಾತಿಯದು. ಚುರುಕಾಗಿ ತಿರುಗುತ್ತಿತ್ತು, ಹತ್ತಿಕೊಳ್ಳುತ್ತಿರಲಿಲ್ಲ. ಇಂಥಲ್ಲಿ ನೋಡಬೇಕಾದ್ದು ಕಿಡಿ ಮತ್ತು ಪೆಟ್ರೋಲ್. ಎಂಜಿನ್ನಿನ ಒತ್ತಡವನ್ನೂ ನೋಡಬೇಕೆಂಬುದು ನಿಜವಾದರೂ, ಬೆಳಿಗ್ಗೆ ಚೆನ್ನಾಗಿ ಓಡಿದ ಎಂಜಿನ್ನಿನ ನಾಲ್ಕೂ ಸಿಲಿಂಡರುಗಳ ಒತ್ತಡ ಮಧ್ಯಾಹ್ನದ ಹೊತ್ತಿಗೆ ಮಾಯವಾಗುವುದು ಅಪರೂಪ.

ಬಿಸಿ ಎಂಜಿನ್ನಿನ ವಿಷಯದಲ್ಲಿ ಗೊಂದಲ ಹುಟ್ಟುವುದೇ ಇಲ್ಲಿ, ಏಕೆಂದರೆ ಮೂರು ಬೇರೆ ಬೇರೆ ದೋಷಗಳು ಹೊರಗಿನಿಂದ ಒಂದೇ ಮುಖ ತೋರಿಸುತ್ತವೆ. ಒಂದು, ವೇಪರ್ ಲಾಕ್: ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುವುದರಿಂದ, ಎಂಜಿನ್ನಿಗೆ ಅಂಟಿಕೊಂಡೇ ಇರುವ ಮೆಕ್ಯಾನಿಕಲ್ ಪಂಪಿನಲ್ಲೂ ಪೈಪಿನಲ್ಲೂ ಆವಿ ತುಂಬುತ್ತದೆ, ಪಂಪು ದ್ರವದ ಬದಲು ಆ ಆವಿಯನ್ನೇ ಹಿಂಡುತ್ತಾ ಕೂರುತ್ತದೆ. ಇನ್ನೊಂದು, ಅದಕ್ಕೆ ತದ್ವಿರುದ್ಧ: ನಿಂತ ಎಂಜಿನ್ನಿನ ಕಾವು ಮೇಲೇರಿ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಕುದಿಸುತ್ತದೆ, ಅದು ಉಕ್ಕಿ ಸಿಲಿಂಡರುಗಳಿಗೆ ಹೋಗುವ ಕೊಳವೆಯಾದ ಮ್ಯಾನಿಫೋಲ್ಡಿಗೆ ಇಳಿದು ಪ್ಲಗ್ಗುಗಳನ್ನು ತೋಯಿಸುತ್ತದೆ, ಪೆಟ್ರೋಲ್ ಸಾಲದೆ ಅಲ್ಲ, ಅದು ಅತಿಯಾದ್ದರಿಂದ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಮೂರನೆಯದು, ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಹುಟ್ಟಿಸುವ ಕಾಯಿಲ್ ಅಥವಾ ಅದಕ್ಕೆ ನೆರವಾಗುವ ಕಂಡೆನ್ಸರ್ ಕಾವಿಗೆ ಸೋಲುವುದು. ಮೊದಲನೆಯದಕ್ಕೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಬೇಕು. ಎರಡನೆಯದಕ್ಕೆ, ಗಾಳಿ ತಗ್ಗಿಸಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಮುಟ್ಟದೆ ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು. ಎರಡನೆಯ ದೋಷ ಇರುವಾಗ ಚೋಕ್ ಎಳೆದರೆ, ಮುಳುಗುವವನ ಮೇಲೆ ಇನ್ನೊಂದು ಕೊಡ ನೀರು ಸುರಿದಂತೆ.

ಈ ಮೂರರಲ್ಲಿ ಯಾವುದೆಂದು ತಿಳಿಯಲು ಒಂದೇ ದಾರಿ ಇದೆ: ದೋಷ ಇರುವಾಗಲೇ ಪರೀಕ್ಷಿಸಬೇಕು. ಹಿಂದಿನವರು ಎಡವಿದ್ದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಅವರು ಗಾಡಿಯನ್ನು ಬೆಳಿಗ್ಗೆ ತಣ್ಣಗಿರುವಾಗ ತಪಾಸಣೆ ಮಾಡಿದ್ದರು, ಆಗ ಎಲ್ಲವೂ ಸರಿಯಿತ್ತು. ನಾವು ಗಾಡಿಯನ್ನು ಸಿರುಗುಪ್ಪ ರಸ್ತೆಯಲ್ಲಿ ಓಡಿಸಿ, ತಂದು ಬಿಸಿಲಲ್ಲಿ ನಿಲ್ಲಿಸಿ, ಅದು ಕೈಕೊಡುವವರೆಗೆ ಕಾದೆವು.

ಕೈಕೊಟ್ಟ ಕೂಡಲೇ ಮೊದಲು ಕಿಡಿ ನೋಡಿದೆವು. ಗೇರ್ ನ್ಯೂಟ್ರಲ್ಲಿನಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಹತ್ತಿರದಲ್ಲಿ ಬಿಚ್ಚಿದ ಪೆಟ್ರೋಲ್ ಪೈಪ್ ಇರಬಾರದು; ಕಿಡಿಯ ಪರೀಕ್ಷೆ ಮುಗಿಯುವವರೆಗೆ ಪೆಟ್ರೋಲಿನ ಕಡೆಗೆ ಕೈ ಹಾಕಲೇಬಾರದು. ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿನಿಂದ ಕಾಯಿಲಿನ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಿಂದ ಅದರ ತುದಿಯನ್ನು ಎಂಜಿನ್ನಿನ ಲೋಹದಿಂದ ಆರು ಮಿಲಿಮೀಟರ್ ದೂರದಲ್ಲಿ ಹಿಡಿದಾಗ, ಗಟ್ಟಿಯಾದ ನೀಲಿ ಕಿಡಿ ಚಟಚಟನೆ ಹಾರಬೇಕಿತ್ತು. ನಮಗೆ ಕಂಡದ್ದು ಹಳದಿ ಬಣ್ಣದ, ನೂಲೆಳೆಯಷ್ಟು ಸಣ್ಣ ಕಿಡಿ, ಅದೂ ವೈರನ್ನು ಎರಡು ಮಿಲಿಮೀಟರಿನಷ್ಟು ಹತ್ತಿರ ತಂದಾಗ ಮಾತ್ರ. ಆಮೇಲೆ ಆ ವೈರನ್ನು ಸಿಕ್ಕಿಸಿ, ಕಾಯಿಲಿನ ಪಾಸಿಟಿವ್ ವೈರನ್ನು ಬಿಚ್ಚಿ ಕಿಡಿಯೇ ಹುಟ್ಟದಂತೆ ಮಾಡಿ, ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ಇಳಿಸಿ ಸೆಲ್ಫ್ ಹೊಡೆದೆವು. ಪೆಟ್ರೋಲ್ ಗುಳ್ಳೆಯಿಲ್ಲದೆ ಚಿಮ್ಮಿತು. ಪ್ಲಗ್ ಬಿಚ್ಚಿ ನೋಡಿದರೆ ಸ್ವಲ್ಪವೇ ತೇವ ಇತ್ತು, ತೊಯ್ದಿರಲಿಲ್ಲ. ಹಾಗಾಗಿ ಮೊದಲಿನ ಎರಡು ಅನುಮಾನಗಳೂ ಬಿದ್ದುಹೋದವು.

ಹಳದಿ ಕಿಡಿಗೆ ಕಾರಣ ಪಾಯಿಂಟ್ (ಡಿಸ್ಟ್ರಿಬ್ಯೂಟರಿನೊಳಗೆ ಕೂಡುತ್ತಾ ಬಿಚ್ಚುತ್ತಾ ಇರುವ ಸ್ವಿಚ್ಚು), ಕಂಡೆನ್ಸರ್, ಕಾಯಿಲ್ ಈ ಮೂರರಲ್ಲಿ ಯಾವುದೂ ಆಗಬಹುದು. ಪಾಯಿಂಟ್ ಕೂಡಿರುವಾಗ ಕಾಯಿಲಿನ ಪ್ರೈಮರಿ ಸುತ್ತಿನಲ್ಲಿ ಕರೆಂಟು ಹರಿದು ಕಾಂತಶಕ್ತಿ ಕೂಡುತ್ತದೆ. ಪಾಯಿಂಟ್ ಬಿಚ್ಚಿಕೊಂಡ ಕ್ಷಣ ಅದು ಕುಸಿದು ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಆ ಕುಸಿತ ಥಟ್ಟನೆ ಆಗಬೇಕಾದರೆ ಪಾಯಿಂಟಿನ ಬಾಯಲ್ಲಿ ಕಿಡಿ ಹಾರದಂತೆ ಕಂಡೆನ್ಸರ್ ತಡೆಯಬೇಕು. ಪಾಯಿಂಟಿನ ಮುಖ ಸುಟ್ಟಿರಲಿಲ್ಲ, ಅಂತರ 0.4 ಮಿಲಿಮೀಟರಿನ ಆಸುಪಾಸಿನಲ್ಲಿತ್ತು. ಇಂಥ ಅಂಕಿಗೆ ಆಯಾ ಗಾಡಿಯ ಕೈಪಿಡಿಯನ್ನೇ ನೋಡಬೇಕು. ಕಂಡೆನ್ಸರ್ ಅಗ್ಗದ ವಸ್ತುವಾದ್ದರಿಂದ ಅದೊಂದನ್ನೇ ಬದಲಿಸಿ ಮತ್ತೆ ಕಿಡಿ ನೋಡಿದೆವು, ವ್ಯತ್ಯಾಸವಿರಲಿಲ್ಲ.

ಆಗ ನಾನು ಮೀಟರ್ ಹಿಡಿದು ಕಾಯಿಲಿನ ಪ್ರೈಮರಿ ಸುತ್ತನ್ನು ಅಳೆದೆ: 3.6 ಓಮ್. ತಣ್ಣಗಿರುವಾಗ ಸುಮಾರು 3 ಓಮ್ ಇರುವ ತಾಮ್ರದ ಸುತ್ತು ಕಾದಾಗ ಅಷ್ಟು ಏರುವುದು ಸಹಜವೇ, ಏಕೆಂದರೆ ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇ 0.4ರಷ್ಟು ಹೆಚ್ಚುತ್ತದೆ. ಹಾಗಾದರೆ ಕಾಯಿಲ್ ಸರಿಯಿದೆ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. ಅವರು ಹೇಳಿದ ಕಾರಣವನ್ನು ಎಲ್ಲ ಕಲಿಯುವವರೂ ಬರೆದಿಟ್ಟುಕೊಳ್ಳಬೇಕು: ಮೀಟರ್ ತನ್ನ ಪುಟ್ಟ ಬ್ಯಾಟರಿಯ ಒಂದೆರಡು ವೋಲ್ಟಿನಲ್ಲಿ ಅಳೆಯುತ್ತದೆ, ಸುತ್ತುಗಳ ನಡುವಿನ ಇನ್ಸುಲೇಷನ್ ಸೋಲುವುದು ಸಾವಿರಾರು ವೋಲ್ಟ್ ಬಿದ್ದಾಗ. ಒಂದು ಒಳ್ಳೆಯ ಹಳೆಯ ಕಾಯಿಲನ್ನು ಪಕ್ಕದಲ್ಲಿ ಇಟ್ಟು ಮೂರು ವೈರ್ ಮಾತ್ರ ವರ್ಗಾಯಿಸಿದಾಗ ನೀಲಿ ಕಿಡಿ ಬಂತು, ಎಂಜಿನ್ ಹತ್ತಿಕೊಂಡಿತು. ಅಲ್ಲಿಗೇ ನಿಲ್ಲದೆ ಮೇಸ್ತ್ರಿ ಹಳೆಯ ಕಾಯಿಲಿಗೆ ವೈರ್ ವಾಪಸ್ ಹಾಕಿಸಿದರು. ಮತ್ತೆ ಹಳದಿ ಕಿಡಿ, ಮತ್ತೆ ಮೌನ. ಹೀಗೆ ಹಿಂದಕ್ಕೂ ಮುಂದಕ್ಕೂ ಬದಲಿಸಿ ನೋಡಿದ ಮೇಲೆಯೇ ಕಾಯಿಲ್ ಕೆಟ್ಟಿದೆ ಎಂದು ಪುಸ್ತಕದಲ್ಲಿ ಬರೆಸಿದರು.

ಇನ್ನೊಂದು ಪ್ರಶ್ನೆ ಉಳಿದಿತ್ತು, ಕಾಯಿಲ್ ಏಕೆ ಕೆಟ್ಟಿತು ಎಂಬುದು. ಗಾಡಿಯ ಯಜಮಾನರನ್ನು ಮೇಸ್ತ್ರಿ ಕೇಳಿದರು, “ಸಾವ್ಕಾರ್ರೇ, ಎಲ್ಲಾದ್ರೂ ನಿಂತಾಗ ಕೀ ತೆಗೀತೀರೋ ಹಂಗೇ ಬಿಡ್ತೀರೋ?” ಅವರು, “ಹಾಡು ಕೇಳ್ಕಂತ ಕುಂತಿರ್ತೀನಪ್ಪಾ, ಕೀ ತೆಗೆದ್ರೆ ರೇಡಿಯೊ ಬಂದಾಗ್ತತಲ್ಲ,” ಎಂದರು. ಕೀ ತೆಗೆಯದೆ ಬಿಟ್ಟು, ಎಂಜಿನ್ ನಿಂತಾಗ ಪಾಯಿಂಟ್ ಕೂಡಿಕೊಂಡೇ ಇದ್ದರೆ 12 ವೋಲ್ಟ್, 3 ಓಮ್ ಲೆಕ್ಕದಲ್ಲಿ 4 ಆಂಪಿಯರ್ ಸತತವಾಗಿ ಹರಿಯುತ್ತದೆ. 48 ವಾಟಿನ ಕಾವು ಎಣ್ಣೆ ತುಂಬಿದ ಆ ಚಿಕ್ಕ ಡಬ್ಬಿಯಲ್ಲೇ ಕೂಡುತ್ತದೆ, ಮೇಲೆ ಬಳ್ಳಾರಿಯ ಬಿಸಿಲು ಬೇರೆ. ಹೊಸ ಕಾಯಿಲ್ ಕೂರಿಸಿದ ಮೇಲೆ ರೇಡಿಯೊದ ವೈರನ್ನು ಇಗ್ನಿಷನ್ನಿನಿಂದ ಬಿಡಿಸಿ, ನಡುವೆ ಒಂದು ಫ್ಯೂಸ್ ಇಟ್ಟು ನೇರವಾಗಿ ಬ್ಯಾಟರಿಯ ಸಾಲಿಗೆ ಜೋಡಿಸಿದೆವು.